ಕೈಯಿಲ್ಲದ ಕ್ಯಾಪ್ಟನ್

ಸತ್ತುಹೋದ ಧಾರಾವಾಹಿಯೊಂದಕ್ಕೆ ಮರುಜೀವ ಕೊಡುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಡಚ್ಚರ ನಾಡಿನ ಐಂಡ್‌ಹೋವನ್ನಿನಲ್ಲಿ ಚಿಪ್ ತಯಾರಿಸುವ ಮಹಾಯಂತ್ರದ ಒಂದು ಸಣ್ಣ ಭಾಗದ ಇನ್ನೂ ಸಣ್ಣ ಭಾಗವನ್ನು ಪರೀಕ್ಷಿಸಿ, ಅದು ಯಾಕೆ ಕೆಲಸ ಮಾಡುತ್ತಿಲ್ಲ ಎಂಬುದನ್ನು ಸ್ಲೈಡ್ ಮಾಡಿ ಮೇಲಿನವರಿಗೆ ತೋರಿಸುವುದು ನನ್ನ ಉದ್ಯೋಗ. ಇಂಥ ತಂತ್ರಜ್ಞನಿಗೆ ಒಂದು ಗಗನನೌಕೆ ಹಾರಿಸುವುದು ಯಾವ ಲೆಕ್ಕ?

ಧಾರಾವಾಹಿಯ ಹೆಸರು ‘ಧ್ರುವದಾಚೆ’. ನಾನು ತುಮಕೂರಿನಲ್ಲಿ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ವಾರಕ್ಕೊಮ್ಮೆ ಟೀವಿಯಲ್ಲಿ ಬರುತ್ತಿತ್ತು. ನೌಕೆಯ ಗೋಡೆಗಳು ಥರ್ಮೋಕೋಲಿನವು, ಗುಂಡಿಗಳು ಸೋಡಾ ಬಾಟಲಿಯ ಮುಚ್ಚಳಗಳು, ಕ್ಯಾಪ್ಟನ್ ಜಯದೇವ ಕೂರುತ್ತಿದ್ದ ಕುರ್ಚಿ ಯಾವುದೋ ಕ್ಷೌರದ ಅಂಗಡಿಯದು. ಅದೆಲ್ಲ ಆಗ ನಮ್ಮ ಕಣ್ಣಿಗೆ ಬೀಳಲಿಲ್ಲ. ಒಂದು ವಾರ, ಭೂಮಿಯಿಂದ ಕೋಟಿಗಟ್ಟಲೆ ಮೈಲಿ ಆಚೆ, ನರಪಿಳ್ಳೆಯೂ ಇಲ್ಲದ ಶೂನ್ಯದಲ್ಲಿ, ಯಾರೋ ಹೊರಗಿನಿಂದ ನೌಕೆಯ ಬಾಗಿಲು ತಟ್ಟಿದರು. ಕ್ಯಾಪ್ಟನ್ ಎದ್ದು ಬಾಗಿಲ ಕಡೆ ನಡೆದ. ಅಲ್ಲಿಗೆ ಕಂತು ಮುಗಿಯಿತು. ಮುಂದಿನ ವಾರ ಅದೇ ಹೊತ್ತಿಗೆ ಟೀವಿಯಲ್ಲಿ ಒಬ್ಬ ಸೊಸೆ ಅಳುತ್ತಾ ಬಂದಳು, ಬಂದವಳು ವರ್ಷಗಟ್ಟಲೆ ಅತ್ತಳು. ‘ಧ್ರುವದಾಚೆ’ ರದ್ದಾಗಿತ್ತು. ಬಾಗಿಲು ತಟ್ಟಿದವರು ಯಾರು ಎಂಬುದು ಕನ್ನಡನಾಡಿಗೆ ತಿಳಿಯದೇ ಹೋಯಿತು.

ನಾನು ಅದನ್ನು ಮರೆತೇಬಿಟ್ಟಿದ್ದೆ. ಮರೆಯದವರು ನನ್ನ ಅತ್ತೆ. ಗದಗಿನ ಹಸೀನಾಬಿ, ಮನೆಯವರೆಲ್ಲರ ಬಾಯಲ್ಲಿ ಅಮ್ಮಿ. ಆ ವರ್ಷ ಫೆಬ್ರವರಿಯಲ್ಲಿ ಮಗಳ ಮನೆ ನೋಡಿಕೊಂಡು ಹೋಗಲು ಬಂದರು. ಅವರ ಹಿಂದೆಯೇ ಕೊರೊನಾ ಬಂತು, ವಿಮಾನಗಳು ನಿಂತವು, ಅಮ್ಮಿ ನಮ್ಮಲ್ಲೇ ಉಳಿದರು. ನಮ್ಮ ಮನೆಯ ಮಾತು ದಖ್ಖನಿ ಉರ್ದು. ಆದರೆ ‘ಧ್ರುವದಾಚೆ’ಯ ವಿಷಯ ಬಂದರೆ ಅಮ್ಮಿ ತಟ್ಟನೆ ಕನ್ನಡಕ್ಕೆ ಇಳಿಯುತ್ತಿದ್ದರು. ಆ ಧಾರಾವಾಹಿಯನ್ನು ಅವರು ನೋಡಿದ್ದೇ ಗದಗಿನಲ್ಲಿ ಪಕ್ಕದ ಮನೆಯ ಶಾಂತಕ್ಕನ ಜೊತೆ, ಶಾಂತಕ್ಕನ ಟೀವಿಯಲ್ಲಿ. ಹೊರಗಿದ್ದದ್ದು ದೆವ್ವ ಎಂದು ಶಾಂತಕ್ಕನ ವಾದ. ಕಷ್ಟದಲ್ಲಿರುವ ಯಾರೋ ಮನುಷ್ಯ ಎಂದು ಅಮ್ಮಿಯ ವಾದ. ಇಬ್ಬರ ಮಕ್ಕಳೂ ಬೆಳೆದು ಮದುವೆಯಾದರು, ವಾದ ಮಾತ್ರ ಕಾಂಪೌಂಡಿನ ಆಚೀಚೆ ನಿಂತು ನಡೆಯುತ್ತಲೇ ಇತ್ತು.

ಅಮ್ಮಿಯ ಇನ್ನೊಂದು ಗುಣ ಇಲ್ಲಿಯೇ ಹೇಳಬೇಕು. ಬಾಗಿಲಲ್ಲಿ ಸದ್ದಾದರೆ ಅವರಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಲಾಕ್‌ಡೌನಿನಲ್ಲಿ ಇಡೀ ಬೀದಿ ಆನ್‌ಲೈನಿನಲ್ಲಿ ಸಾಮಾನು ತರಿಸುತ್ತಿತ್ತು. ಬೆಲ್ ಒತ್ತಿದ ಮರುಕ್ಷಣ ಬಾಗಿಲು ತೆರೆಯುವ ಮನೆ ನಮ್ಮದೊಂದೇ ಎಂದು ಡೆಲಿವರಿ ಹುಡುಗರಿಗೆ ಎರಡೇ ವಾರದಲ್ಲಿ ಗೊತ್ತಾಯಿತು. ಬೀದಿಯವರ ಪಾರ್ಸಲ್ಲುಗಳೆಲ್ಲ ನಮ್ಮ ಹಜಾರಕ್ಕೆ ಬಂದು ಬೀಳತೊಡಗಿದವು. ಒಂದೂವರೆ ಮೀಟರ್ ದೂರ ನಿಲ್ಲಬೇಕು, ಕಂಡವರಿಗೆಲ್ಲ ಬಾಗಿಲು ತೆಗೆಯಬಾರದು ಎಂದು ನನ್ನ ಹೆಂಡತಿ ನಸ್ರೀನ್ ಗೋಗರೆದಳು. ಅಮ್ಮಿ ತಲೆಯಾಡಿಸಿದರು, ಮಾಸ್ಕ್ ಹಾಕಿಕೊಂಡರು, ಬಾಗಿಲು ತೆಗೆದರು.

ಜೂನ್ ತಿಂಗಳಲ್ಲಿ ಶಾಂತಕ್ಕನಿಗೆ ಕೊರೊನಾ ಪಾಸಿಟಿವ್ ಬಂತು. ಮಗ ಸೊಸೆ ಅವರನ್ನು ಮಹಡಿಯ ಕೋಣೆಯಲ್ಲಿ ಇಟ್ಟರು. ಸೊಸೆ ಊಟದ ತಟ್ಟೆ ತಂದಿಟ್ಟು, ಬಾಗಿಲು ತಟ್ಟಿ, ಮೆಟ್ಟಿಲಿಳಿದು ಓಡುತ್ತಿದ್ದಳು. ಶಾಂತಕ್ಕ ಫೋನು ಮಾಡಿದರು. ಅಮ್ಮಿ ಸ್ಪೀಕರ್ ಹಾಕಿಯೇ ಮಾತಾಡುವವರು, ಹಾಗಾಗಿ ನಾವೆಲ್ಲರೂ ಕೇಳಿಸಿಕೊಂಡೆವು.

“ಹಸೀನಾ, ನಾನೂ ಜಯದೇವನಂಗ ಆಗೇನಿ ನೋಡು. ಬಾಗಲಾ ಬಡಿತಾರ, ತಗದು ನೋಡಿದ್ರ ಯಾರೂ ಇರೂದಿಲ್ಲ. ಯಾರ ಇದ್ರು ಅಂತ ತಿಳಕೊಳ್ಳದ ಹೋಗ್ತೀನೋ ಏನೋ.”

ಅಮ್ಮಿ ನಕ್ಕರು. ಫೋನಿಟ್ಟ ಮೇಲೆ ಕಿಟಕಿಯ ಹತ್ತಿರ ಹೋಗಿ ಕೂತರು. ಊಟಕ್ಕೆ ಕರೆದರೂ ಬರಲಿಲ್ಲ. ಅವರು ಹಾಗೆ ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು, ನನಗೆ ಸಂಕಟವಾಯಿತು. ಸಂಕಟವಾದಾಗ ಸುಮ್ಮನಿರುವ ಬುದ್ಧಿ ನನಗಿಲ್ಲ. “ಅಮ್ಮಿ, ಆ ಸೀರಿಯಲ್ಲಿನ ಕೊನೇ ಕಂತು ನಾನೇ ಮಾಡಿ ತೋರಿಸ್ತೀನಿ. ಶಾಂತಕ್ಕಾನೂ ಫೋನಲ್ಲೇ ನೋಡಲಿ” ಎಂದು ಘೋಷಿಸಿಬಿಟ್ಟೆ.

ಈ ಧೈರ್ಯಕ್ಕೆ ಐತಿಹಾಸಿಕ ಹಿನ್ನೆಲೆಯಿದೆ. ನಾನು ಇಂಜಿನಿಯರಿಂಗ್ ಓದುತ್ತಿದ್ದಾಗ, ಹೊರದೇಶದ ರದ್ದಾದ ವೈಜ್ಞಾನಿಕ ಧಾರಾವಾಹಿಯೊಂದನ್ನು ಅಲ್ಲಿಯವರು ಚಿತ್ರ ಬರೆದು, ಧ್ವನಿ ಕೊಟ್ಟು, ಇಂಟರ್ನೆಟ್ಟಿನಲ್ಲಿ ಮತ್ತೆ ಬಿಟ್ಟಿದ್ದರು. ಇಂಥ ಪ್ರಯೋಗ ಆಗಷ್ಟೇ ಶುರುವಾಗಿತ್ತು. ನಾನು ತುಮಕೂರಿನ ಸೈಬರ್ ಸೆಂಟರಿನಲ್ಲಿ ಗಂಟೆಗಟ್ಟಲೆ ದುಡ್ಡು ಕೊಟ್ಟು ಅದನ್ನು ನೋಡಿದೆ. ನೋಡಿದೆ ಎನ್ನುವುದು ದೊಡ್ಡ ಮಾತು. ಬೆಂಕಿಪೊಟ್ಟಣದಷ್ಟು ಕಿಟಕಿಯಲ್ಲಿ ನಾಯಕನ ಮುಖ ಮೂಡುತ್ತಿತ್ತು, ಆಮೇಲೆ ಚಕ್ರ ತಿರುಗುತ್ತಿತ್ತು. ಚಕ್ರ ನಿಂತಾಗ ನಾಯಕ ಬಾಯಿ ತೆರೆಯುತ್ತಿದ್ದ, ಅಷ್ಟರಲ್ಲಿ ನನ್ನ ಗಂಟೆ ಮುಗಿಯುತ್ತಿತ್ತು. ಕೈಕಾಲು ಅಲ್ಲಾಡುತ್ತಿರಲಿಲ್ಲ, ಕಣ್ಣು ಮಿಟುಕಿದರೆ ಅದೇ ಹೊಡೆದಾಟದ ದೃಶ್ಯ. ಆದರೂ ಜಗತ್ತಿನ ಅಭಿಮಾನಿಗಳು ಅದನ್ನು ನೋಡಿ ಕಣ್ಣೊರೆಸಿಕೊಂಡರಂತೆ. ಬರೀ ತುಟಿ ಅಲ್ಲಾಡಿಸಿದರೆ ಸಾಕು ಎನ್ನುವುದಾದರೆ, ಅದನ್ನು ನಾನು ಆಫೀಸಿನ ಸ್ಲೈಡಿನಲ್ಲೇ ಮಾಡಬಲ್ಲೆ!

ನಸ್ರೀನ್ ಒಂದೇ ಪ್ರಶ್ನೆ ಕೇಳಿದಳು.

“ಅದೆಲ್ಲಾ ಇರ್ಲಿ. ಹೊರಗಡೆ ಇರೋದು ಯಾರು?”

“ಸಸ್ಪೆನ್ಸ್” ಎಂದೆ.

ಸತ್ಯವೇನೆಂದರೆ ನನಗೂ ಗೊತ್ತಿರಲಿಲ್ಲ. ಯೋಜನೆ ಮೊದಲು ಹೊರಡಲಿ, ಉತ್ತರ ದಾರಿಯಲ್ಲಿ ಸಿಕ್ಕೀತು ಎಂಬುದು ನಮ್ಮ ಉದ್ಯಮದ ಮೂಲಮಂತ್ರ. ಎರಡು ಶನಿವಾರ ತಲೆ ಕೆಡಿಸಿಕೊಂಡು ಕೊನೆಗೆ ಅಂತ್ಯವೊಂದನ್ನು ಬರೆದೆ. ಬಾಗಿಲಾಚೆ ಇರುವವನು ಭವಿಷ್ಯದಿಂದ ಬಂದ ಕ್ಯಾಪ್ಟನ್ ಜಯದೇವನೇ! ಕಾಲ, ಅಸ್ತಿತ್ವ, ವಿಶ್ವದ ವಕ್ರತೆ ಎಲ್ಲವನ್ನೂ ಅವನ ಬಾಯಿಂದ ಹೇಳಿಸಿದ್ದೆ. ಓದಿ ಮುಗಿಸಿದಾಗ ನನಗೇ ರೋಮಾಂಚನವಾಯಿತು. ನಸ್ರೀನ್ ತರಕಾರಿ ಹೆಚ್ಚುತ್ತಾ ಕೇಳಿಸಿಕೊಂಡು, ಹಾಗಾದರೆ ಒಳಗಿರುವವನು ಯಾರು ಎಂದಳು. ನಾನು ಹಾಳೆಗಳನ್ನು ಎತ್ತಿಕೊಂಡು ಎದ್ದುಹೋದೆ.

ಚಿತ್ರ ಬರೆಯುವ ಹೊಣೆ ನನ್ನ ಮಗಳು ಝೋಯಾಳದು. ಶಾಲೆ ಮನೆಯಲ್ಲೇ ನಡೆಯುತ್ತಿದ್ದ ಕಾಲ, ಅವಳಿಗೂ ಬೇಸರ. ಕ್ಯಾಪ್ಟನ್ನನ್ನು ಬಹಳ ಚೆನ್ನಾಗಿ ಬರೆದಳು. ಅಗಲ ಎದೆ, ಚೂಪು ಮೀಸೆ, ಗಂಭೀರ ಕಣ್ಣು. ಎರಡೂ ಕೈ ಬೆನ್ನ ಹಿಂದೆ. ಎದುರಿಂದ ಬರೆದ ಚಿತ್ರದಲ್ಲೂ ಬೆನ್ನ ಹಿಂದೆ, ಪಕ್ಕದಿಂದ ಬರೆದುದರಲ್ಲೂ ಬೆನ್ನ ಹಿಂದೆ, ಊಟದ ದೃಶ್ಯದಲ್ಲೂ ಬೆನ್ನ ಹಿಂದೆ.

“ಕೈ ಎಲ್ಲಮ್ಮಾ?” ಎಂದೆ.

“ಐ ಡೋಂಟ್ ಡೂ ಹ್ಯಾಂಡ್ಸ್, ಅಬ್ಬಾ” ಎಂದಳು, ತಾನು ಕೈ ಬರೆಯುವುದಿಲ್ಲವೆಂದು ಅಪ್ಪನಿಗೆ ನೇರ ಉತ್ತರ. ಕಲಾವಿದರ ಜೊತೆ ವಾದ ಮಾಡಬಾರದು.

ಆದರೆ ಇಡೀ ಕಥೆ ನಿಂತಿರುವುದೇ ಬಾಗಿಲು ತೆಗೆಯುವುದರ ಮೇಲೆ. ಕೈಯಿಲ್ಲದ ಕ್ಯಾಪ್ಟನ್ ಬಾಗಿಲು ತೆಗೆಯುವುದಾದರೂ ಹೇಗೆ? ನಾನೇ ಒಂದು ಕೈ ಬರೆದು ಅಂಟಿಸಲು ಹೋದೆ. ಅದು ಬೆಂಡೆಕಾಯಿ ಗೊಂಚಲಿನಂತೆ ಬಂತು. ಸೂಪರ್ ಮಾರ್ಕೆಟ್ಟಿನಲ್ಲಿರುವಂತೆ ತಾನಾಗಿ ಸರಿಯುವ ಬಾಗಿಲು ಇಟ್ಟರಾಯಿತು ಎಂದು ಝೋಯಾ ಸಲಹೆ ಕೊಟ್ಟಳು. ಇದು ನನಗೆ ಬಹಳ ಹಿಡಿಸಿತು. ತಾನಾಗಿ ತೆರೆಯುವ ಬಾಗಿಲನ್ನು ಯಾರಾದರೂ ಯಾಕೆ ತಟ್ಟುತ್ತಾರೆ ಎಂದು ನಸ್ರೀನ್ ಅಡುಗೆಮನೆಯಿಂದಲೇ ಕೇಳಿದಳು. ಆ ಹೆಂಗಸಿಗೆ ಕಲೆಯಲ್ಲಿ ಆಸಕ್ತಿಯೇ ಇಲ್ಲ.

ಸ್ಲೈಡುಗಳು ಭರದಿಂದ ತಯಾರಾದವು. ಕ್ಯಾಪ್ಟನ್ ಎಡದಿಂದ ಹಾರಿ ಬರುತ್ತಿದ್ದ, ಬಲಕ್ಕೆ ಕರಗಿ ಹೋಗುತ್ತಿದ್ದ, ಸಿಟ್ಟು ಬಂದರೆ ಗಿರಗಿರ ತಿರುಗುತ್ತಿದ್ದ. ತುಟಿಗೆಂದೇ ಎರಡು ಚಿತ್ರ, ಒಂದು ತೆರೆದದ್ದು, ಒಂದು ಮುಚ್ಚಿದ್ದು. ಆಫೀಸಿನ ನಮೂನೆಯನ್ನೇ ಬಳಸಿದ್ದರಿಂದ ಪ್ರತಿ ಸ್ಲೈಡಿನ ಕೆಳಗೂ ‘ಗೋಪ್ಯ: ಸಂಸ್ಥೆಯ ಹೊರಗೆ ಹಂಚುವಂತಿಲ್ಲ’ ಎಂಬ ಕೆಂಪು ಸಾಲು ಉಳಿದುಕೊಂಡಿತು. ಏನೇ ಮಾಡಿದರೂ ಅಳಿಸಲಾಗಲಿಲ್ಲ. ಆಕಾಶನೌಕೆಗೆ ಅದೂ ಒಂದು ಶೋಭೆ ಎಂದು ಸಮಾಧಾನ ಮಾಡಿಕೊಂಡೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅಮ್ಮಿ, ಶಾಂತಕ್ಕ ಇಬ್ಬರೇ ನೋಡಿ ಮುಗಿಯುತ್ತಿತ್ತು. ಆದರೆ ಇಂಥ ಮಹತ್ಕಾರ್ಯ ಇಬ್ಬರಿಗೆ ಮಾತ್ರ ತೋರಿಸುವುದೇ? ನಮ್ಮ ಕನ್ನಡ ಕೂಟದ ಅಧ್ಯಕ್ಷ ಸತ್ಯನಾರಾಯಣ ಅವರಿಗೆ ಫೋನು ಮಾಡಿದೆ. ಮೈಸೂರಿನವರು, ಪರಮ ಸಜ್ಜನರು. ಮಾರ್ಚಿನಲ್ಲಿ ನಿಂತುಹೋದ ಯುಗಾದಿ ಕಾರ್ಯಕ್ರಮವನ್ನು ಜುಲೈನಲ್ಲಿ ಆನ್‌ಲೈನಿನಲ್ಲಿ ಮಾಡಲು ಅವರು ಏನಾದರೂ ಹುಡುಕುತ್ತಿದ್ದರು. ಸಂತೋಷದಿಂದ ಒಪ್ಪಿದರು. ಒಂದು ಸಣ್ಣ ವಿನಂತಿ ಮಾತ್ರ, ಕೂಟದ ಸಂಪ್ರದಾಯದಂತೆ ಎಲ್ಲ ಮಕ್ಕಳಿಗೂ ಅವಕಾಶ ಕೊಡಬೇಕು ಎಂದರು.

ಹೊರದೇಶದ ಕನ್ನಡ ಕೂಟದಲ್ಲಿ ಇದ್ದವರಿಗೆ ಈ ವಾಕ್ಯದ ಭಾರ ಗೊತ್ತು. ನಮ್ಮ ವೇದಿಕೆಯ ಮೇಲೆ ಯಾವ ಮಗುವನ್ನೂ ಬಿಡುವಂತಿಲ್ಲ. ಬಿಟ್ಟರೆ ಆ ತಾಯಿ ಮುಂದಿನ ಪಾಟ್‌ಲಕ್ ಊಟಕ್ಕೆ ಬಿಸಿಬೇಳೆಬಾತ್ ತರುವುದಿಲ್ಲ. ಮೂರೇ ಜನರಿದ್ದ ನೌಕೆಗೆ ಸಿಬ್ಬಂದಿ ಹತ್ತತೊಡಗಿದರು. ಆನ್‌ಲೈನ್ ಎಂದ ಮೇಲೆ ದೂರವೇನು ಎಂದು ಕಾಪೆಲ್ಲೆಯಿಂದ ಒಂದು ಕುಟುಂಬ, ಮಾಸ್ಟ್ರಿಕ್ಟಿನಿಂದ ನಾಲ್ವರು ವಿದ್ಯಾರ್ಥಿಗಳು ಬಂದು ಸೇರಿದರು. ಒಬ್ಬ ಹುಡುಗಿಗೆ ಕನ್ನಡದ ಮಾತು ಬರುವುದಿಲ್ಲ, ಭರತನಾಟ್ಯ ಬರುತ್ತದೆ ಎಂದು ಅವಳ ತಾಯಿ ಹೇಳಿದರು. ಸರಿ, ಬೇಸರದಲ್ಲಿರುವ ಕ್ಯಾಪ್ಟನ್ ಎದುರು ಒಂದು ನೃತ್ಯ ಸೇರಿಸಿದೆ. ಇನ್ನೊಬ್ಬನಿಗೆ ಮಗ್ಗಿ ಬಾಯಿಪಾಠ ಇತ್ತು, ಅವನನ್ನು ನೌಕೆಯ ಕಂಪ್ಯೂಟರ್ ಮಾಡಿದೆ.

ಕೊನೆಗೆ ಅಧ್ಯಕ್ಷರು, ಬಾಗಿಲು ತಟ್ಟುವ ಪಾತ್ರ ಯಾರಿಗೆ ಕೊಟ್ಟಿದ್ದೀರಿ ಎಂದು ಕೇಳಿದರು. ಅದಕ್ಕೆ ಮಾತಿಲ್ಲ ಸಾರ್, ಮೇಜಿನ ಮೇಲೆ ಮೂರು ಸಲ ತಟ್ಟಿದರಾಯಿತು ಎಂದೆ. ಕಥೆಯಲ್ಲಿ ಎಲ್ಲರೂ ಕಾಯುತ್ತಿರುವುದು ಅವನಿಗಾಗಿಯೇ ಅಲ್ಲವೇ, ಅದು ಅಧ್ಯಕ್ಷ ಸ್ಥಾನಕ್ಕೆ ಶೋಭಿಸುವ ಪಾತ್ರ ಎಂದು ಅದನ್ನು ತಾವೇ ವಹಿಸಿಕೊಂಡರು.

ಅಷ್ಟರಲ್ಲಿ ಭಾರತಕ್ಕೆ ವಿಶೇಷ ವಿಮಾನ ಬಿಟ್ಟರು, ಅಮ್ಮಿಗೆ ಅದರಲ್ಲಿ ಜಾಗ ಸಿಕ್ಕಿತು. ಭಾನುವಾರ ನಮ್ಮ ಪ್ರದರ್ಶನ, ಮಂಗಳವಾರ ಅವರ ವಿಮಾನ. ಶಾಂತಕ್ಕನ ಜ್ವರ ಇಳಿದಿದ್ದರೂ ಅವರಿನ್ನೂ ಮಹಡಿಯಲ್ಲೇ ಇದ್ದರು, ದನಿ ಸೋತಿತ್ತು. ಅಮ್ಮಿ ದಿನವೂ ಫೋನಿನಲ್ಲಿ ಭಾನುವಾರದ ತನಕ ಗಟ್ಟಿಯಾಗಿರು ಎಂದು ಹೇಳುತ್ತಿದ್ದರು. ನನ್ನ ಹತ್ತಿರ ಬಂದು, ಉತ್ತರ ಸರಿಯಾಗಿ ಬರೆದಿದ್ದೀರಲ್ಲ ಎಂದು ಮೆಲ್ಲಗೆ ಕೇಳುತ್ತಿದ್ದರು. ವಿಶ್ವದ ವಕ್ರತೆಯನ್ನು ನೆನೆದು ನನಗೆ ಮೊದಲ ಬಾರಿಗೆ ಅಳುಕಾಯಿತು.

ಭಾನುವಾರ ಮಧ್ಯಾಹ್ನ ನಾನು ತೆಗೆದುಕೊಂಡ ಮುನ್ನೆಚ್ಚರಿಕೆಗಳಿಗೆ ಯಾವ ಬಾಹ್ಯಾಕಾಶ ಸಂಸ್ಥೆಯೂ ತಲೆದೂಗಬೇಕು. ಫ್ರಿಜ್ಜಿನ ಗುಯ್‌ಗುಡುವಿಕೆ ನಿಲ್ಲಿಸಿದೆ, ಐಸ್‌ಕ್ರೀಮು ಕರಗಿತು. ಕುಕ್ಕರಿಗೆ ರಜೆ ಕೊಟ್ಟೆ. ನಡುವೆ ಯಾವನಾದರೂ ಪಾರ್ಸಲ್ಲಿನವನು ಬಂದರೆ ಎಂದು ಕರೆಗಂಟೆಯ ಬ್ಯಾಟರಿಯನ್ನೂ ಕಿತ್ತು ಜೇಬಿಗೆ ಹಾಕಿಕೊಂಡೆ. ಈಗ ಯಾರಿಂದಲೂ ನನ್ನ ಕಾರ್ಯಕ್ರಮ ಕೆಡಿಸಲು ಸಾಧ್ಯವಿಲ್ಲ ಎಂದುಕೊಂಡೆ. ಅಮ್ಮಿ ಒಗೆದ ಸೀರೆ ಉಟ್ಟು ಸೋಫಾದ ಮೇಲೆ ಕೂತರು, ಕೈಯಲ್ಲಿದ್ದ ಫೋನಿನಲ್ಲಿ ಶಾಂತಕ್ಕನ ಹಣೆ ಮಾತ್ರ ಕಾಣುತ್ತಿತ್ತು.

ಕೂಟದ ವಿಡಿಯೋ ಖಾತೆ ಬಿಟ್ಟಿಯದು, ನಲವತ್ತು ನಿಮಿಷಕ್ಕೆ ತಾನಾಗಿ ಕಡಿದುಹೋಗುತ್ತದೆ. ನನ್ನ ನೌಕೆಗೆ ಇಪ್ಪತ್ತು ನಿಮಿಷ ಧಾರಾಳ ಸಾಕಿತ್ತು. ಆದರೆ ಮೊದಲು ಪ್ರಾರ್ಥನೆ ಆಗಬೇಕಲ್ಲ. ಪ್ರಾರ್ಥನೆಯಾಯಿತು. ದೀಪ ಬೆಳಗಬೇಕಲ್ಲ. ಮೂವರು ಗಣ್ಯರು ಮೂರು ಮನೆಗಳಲ್ಲಿ ಒಬ್ಬರಾದ ಮೇಲೊಬ್ಬರು ದೀಪ ಬೆಳಗಿದರು, ಮೂರನೆಯವರ ಮನೆಯಲ್ಲಿ ಹೊಗೆಯ ಅಲಾರಾಂ ಹೊಡೆದುಕೊಂಡು ಅವರು ಕುರ್ಚಿ ಹತ್ತಿ ಅದನ್ನು ನಿಲ್ಲಿಸುವುದನ್ನು ನಾವೆಲ್ಲರೂ ಗೌರವದಿಂದ ವೀಕ್ಷಿಸಿದೆವು. ಸ್ವಾಗತ ಭಾಷಣದಲ್ಲಿ ಅಧ್ಯಕ್ಷರು ಕನ್ನಡ ನುಡಿಯ ಇತಿಹಾಸವನ್ನು ಮೊದಲ ಶಾಸನದಿಂದ ಹಿಡಿದರು. ಮಾಜಿ ಅಧ್ಯಕ್ಷರಿಗೆ ಸನ್ಮಾನವಿತ್ತು. ಅವರು ತಮ್ಮ ಮನೆಯಲ್ಲಿ ತಮ್ಮದೇ ಶಾಲನ್ನು ತಾವೇ ಹೊದ್ದುಕೊಂಡು ಎಲ್ಲರಿಗೂ ಕೈಮುಗಿದರು. ನನಗೆ ಉಳಿದದ್ದು ಹದಿಮೂರು ನಿಮಿಷ!

ಕ್ಯಾಪ್ಟನ್ ಎಡದಿಂದ ಹಾರಿ ಬಂದ. ಸಿಬ್ಬಂದಿ ಒಬ್ಬೊಬ್ಬರಾಗಿ ಒಂದೊಂದು ವಾಕ್ಯ ಹೇಳಿದರು, ಹೇಳಿ ಮುಗಿಸಿದ ಮೇಲೆ ಪ್ರತಿಯೊಬ್ಬರ ತಂದೆತಾಯಿಯೂ ಚಪ್ಪಾಳೆ ತಟ್ಟಿದರು. ನೃತ್ಯವಾಯಿತು. ಕಂಪ್ಯೂಟರ್ ಮಗ್ಗಿಯನ್ನು ಹದಿನಾಲ್ಕರ ತನಕ ಹೇಳಿ ನಿಂತು, ಮರೆತು, ಮತ್ತೆ ಮೊದಲಿನಿಂದ ಶುರುಮಾಡಿತು. ನಾನು ಬೆವರುತ್ತಾ ಸ್ಲೈಡು ಓಡಿಸಿದೆ. ಕ್ಯಾಪ್ಟನ್ನಿನ ತುಟಿ ಮುಂದೆ ಹೋಯಿತು, ಮಾತು ಹಿಂದೆ ಉಳಿಯಿತು. ಅಂತೂ ಬಾಗಿಲಿನ ಸ್ಲೈಡು ಬಂತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕ್ಯಾಪ್ಟನ್ ಅದರೆದುರು ನಿಂತ.

ಈಗ ಅಧ್ಯಕ್ಷರು ತಟ್ಟಬೇಕು. ತಟ್ಟಲಿಲ್ಲ. ಕ್ಯಾಪ್ಟನ್ ಕಾದ, ನಾವು ಕಾದೆವು. ಸಮಯ ಮುಗಿಯುತ್ತಿದೆ ಎಂಬ ಎಚ್ಚರಿಕೆ ತೆರೆಯ ಮೇಲೆ ಮೂಡಿತು. ಅಧ್ಯಕ್ಷರು ಮ್ಯೂಟ್ ಆಗಿರಬೇಕು ಎಂದು ಯಾರೋ ಬರೆದರು.

ಆಗ ಕೇಳಿಸಿತು. ಟಕ್, ಟಕ್, ಟಕ್. ಎಂಥ ಗಂಭೀರವಾದ, ಘನವಾದ, ನಿಜವಾದ ಸದ್ದು! ‘ಶಬ್ದ ಅದ್ಭುತ’ ಎಂದು ಕಾಪೆಲ್ಲೆಯಿಂದ ಸಂದೇಶ ಬಂತು. ಮೂರು ಹೃದಯದ ಚಿಹ್ನೆಗಳು ಬಂದವು. ಫೋನಿನಲ್ಲಿ ಶಾಂತಕ್ಕನ ಹಣೆ ಹೋಗಿ ಎರಡು ಕಣ್ಣು ಕಾಣಿಸಿದವು. ಧನ್ಯವಾದ ಸಾರ್, ಬಹಳ ಚೆನ್ನಾಗಿ ತಟ್ಟಿದಿರಿ ಎಂದು ನಾನು ಪಿಸುಗುಟ್ಟಿದೆ.

ಅಧ್ಯಕ್ಷರ ಮೈಕು ಚಾಲೂ ಆಯಿತು. “ಇಮ್ತಿಯಾಜ್, ನಾನಿನ್ನೂ ತಟ್ಟೇ ಇಲ್ಲವಲ್ರೀ” ಎಂದರು.

ನನ್ನ ಬೆನ್ನಹುರಿಯಲ್ಲಿ ಐಸ್‌ಕ್ರೀಮು ಹರಿಯಿತು. ಮತ್ತೆ ಟಕ್, ಟಕ್, ಟಕ್. ಸದ್ದು ಬರುತ್ತಿದ್ದುದು ನಮ್ಮ ಮನೆಯ ಬಾಗಿಲಿನಿಂದ. ಕರೆಗಂಟೆಯ ಬ್ಯಾಟರಿ ನನ್ನ ಜೇಬಿನಲ್ಲಿತ್ತು. ಹೊರಗಿದ್ದವರು ಯಾರೇ ಇರಲಿ, ತಟ್ಟದೆ ಇನ್ನೇನು ಮಾಡಿಯಾರು?

ಅಮ್ಮಿ ಎದ್ದು ನಿಂತರು. ನಾನು ಎರಡೂ ಕೈ ಎತ್ತಿ, ಕೂತ್ಕೊಳ್ಳಿ, ಬಾಗಿಲು ತೆಗೆಯಬೇಡಿ, ಒಂದೇ ಒಂದು ನಿಮಿಷ, ಕ್ಲೈಮ್ಯಾಕ್ಸ್ ಎಂದು ಸನ್ನೆಯಲ್ಲೇ ಬೇಡಿಕೊಂಡೆ. ಅವರು ನನ್ನನ್ನು ನೋಡಿದರು, ತೆರೆಯ ಮೇಲೆ ಕೈ ಕಟ್ಟಿಕೊಂಡು ನಿಂತಿದ್ದ ಕ್ಯಾಪ್ಟನ್ನನ್ನೂ ನೋಡಿದರು. ಇಬ್ಬರ ಬಗ್ಗೆಯೂ ಅವರಿಗೆ ಒಂದೇ ಅಭಿಪ್ರಾಯ ಬಂದಂತಿತ್ತು.

“ಯಾರೋ ಪಾಪ ಬಾಗಲಾ ಬಡ್ಯಾಕತ್ತಾರ. ತಗೀಬೇಕು. ಅದರಾಗ ಇಷ್ಟ ವಿಚಾರ ಮಾಡೂದೇನೈತಿ?”

ಮಾಸ್ಕ್ ಏರಿಸಿಕೊಂಡು ನಡೆದೇಬಿಟ್ಟರು. ಅವರ ಕೈ ಚಿಲಕದ ಮೇಲೆ ಬೀಳುವುದಕ್ಕೂ ನಲವತ್ತು ನಿಮಿಷ ಮುಗಿಯುವುದಕ್ಕೂ ಸರಿಹೋಯಿತು. ಕೂಟದ ಮುಖಗಳೆಲ್ಲ ಒಂದೇ ಏಟಿಗೆ ಮಾಯವಾದವು. ‘ಧ್ರುವದಾಚೆ’ ಎರಡನೆಯ ಸಲ ರದ್ದಾಯಿತು. ಅದೇ ಬಾಗಿಲಲ್ಲಿ!

ಹೊರಗಿದ್ದವರು ಪಕ್ಕದ ಮನೆಯ ವಿಲ್ಲೆಮ್. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇರುವ ಮುದುಕರು. ಬಾಗಿಲಿನ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಹಕ್ಕಿಗಳಿಗೆ ಕಾಳು ಹಾಕುವ ಹುಚ್ಚು. ಆ ಕಾಳಿನ ಪಾರ್ಸಲ್ ನಮ್ಮ ಹಜಾರದಲ್ಲಿ ಮೂರು ದಿನದಿಂದ ಬಿದ್ದಿತ್ತು. ಬೆಲ್ ಕೆಟ್ಟಿದೆ ಎಂದು ಡಚ್ಚಿನಲ್ಲಿ ದೂರಿದರು. ಅಮ್ಮಿಗೆ ಡಚ್ಚು ಬಾರದು, ವಿಲ್ಲೆಮ್‌ಗೆ ಇನ್ನೇನೂ ಬಾರದು. ಅಮ್ಮಿ ಅವರನ್ನು ಒಳಗೆ ಕರೆದು ಮೆಟ್ಟಿಲ ಮೇಲೆ ಕೂರಿಸಿ, ಒಂದೂವರೆ ಮೀಟರ್ ಅಳೆದಂತೆ ದೂರ ನಿಂತು, ಚಹಾ ಮಾಡಲು ಮಗಳಿಗೆ ಹೇಳಿದರು. ಮಾರ್ಚಿನ ನಂತರ ಇನ್ನೊಬ್ಬರ ಮನೆಯೊಳಗೆ ಕಾಲಿಡುತ್ತಿರುವುದು ಇದೇ ಮೊದಲು ಎಂದು ಆ ಮನುಷ್ಯ ಹೇಳಿದ್ದನ್ನು ಝೋಯಾ ಅನುವಾದಿಸಿದಳು. ಅವರು ಏಲಕ್ಕಿ ಚಹಾ ಎರಡು ಲೋಟ ಕುಡಿದರು.

ನಾನು ಲ್ಯಾಪ್‌ಟಾಪಿನ ಮುಂದೆ ಒದ್ದಾಡುತ್ತಿದ್ದೆ. ಹೊಸ ಲಿಂಕ್ ಮಾಡಲು ಬೇಕಾದ ಪಾಸ್‌ವರ್ಡು ಖಜಾಂಚಿಯ ಹತ್ತಿರವಿತ್ತು, ಖಜಾಂಚಿ ಬಿಸಿಲು ಬಂದಿದೆಯೆಂದು ಸೈಕಲ್ಲು ಹೊಡೆಯಲು ಹೋಗಿದ್ದರು. ಫೋನು ಮಾತ್ರ ಸೋಫಾದ ಮೇಲೆ ಕೂಗುತ್ತಿತ್ತು. “ಹಸೀನಾ! ಯಾರು? ಯಾರಿದ್ದಾರ ಹೊರಗ?” ಅಮ್ಮಿ ಬಂದು ಫೋನೆತ್ತಿಕೊಂಡರು. ನಾನು ಹಾಳೆಗಳನ್ನು ಹಿಡಿದು ಮುಂದೆ ಬಂದೆ, ಕಾಲ, ಅಸ್ತಿತ್ವ ಎಂದು ಬಾಯಿ ತೆರೆದೆ. ಅಮ್ಮಿ ಕೈ ಅಡ್ಡ ಹಿಡಿದರು.

“ದೆವ್ವ ಅಲ್ಲ ಶಾಂತಿ, ನಾ ಹೇಳಿದ್ದ ಖರೆ ಆತು. ಎತ್ತರಕ ಒಬ್ಬ ಮುದುಕ. ಒಬ್ಬನ ಇರ್ತಾನಂತ. ಹಕ್ಕಿ ಕಾಳು ಒಯ್ಯಾಕ ಬಂದಿದ್ದ. ಒಳಗ ಕರದು ಚಾ ಕೊಟ್ಟೀನಿ.”

ಆ ಕಡೆ ಶಾಂತಕ್ಕ ನಗತೊಡಗಿದರು. ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. ಅಷ್ಟು ವರ್ಷ ಹೊರಗೆ ನಿಂತವನಿಗೆ ಒಂದೇ ಲೋಟ ಚಹಾ ಕೊಟ್ಟೆಯಾ ಎಂದು ಕೇಳಿದರು. ಎರಡು ಕೊಟ್ಟೆ ಎಂದು ಅಮ್ಮಿ ಹೇಳಿದರು. ಹೇಳುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಂಗಳವಾರ ಅಮ್ಮಿ ವಿಮಾನ ಹತ್ತಿದರು. ಊರಿನಲ್ಲಿ ಕ್ವಾರಂಟೈನು ಮುಗಿಸಿ ಹೊರಬಂದ ಮೇಲೆ ಇಬ್ಬರೂ ಸೇರಿ ಗಲ್ಲಿಗೆಲ್ಲ ‘ಧ್ರುವದಾಚೆ’ಯ ಕೊನೆಯ ಕಂತು ಹೇಳಿದ್ದಾರೆ. ಎತ್ತರದ ಮುದುಕ, ಹಕ್ಕಿ ಕಾಳು, ಏಲಕ್ಕಿ ಚಹಾ. ಯಾರೂ ತಕರಾರು ಮಾಡಿಲ್ಲವಂತೆ. ಇಷ್ಟು ಚೆಂದದ ಅಂತ್ಯ ಬರೆದವರು ಯಾರು ಎಂದು ಯಾರೋ ಕೇಳಿದರಂತೆ. ನಮ್ಮ ಅಳಿಯನ ಮನೆಯಲ್ಲೇ ಆದದ್ದು, ಆದರೆ ಅವರು ಆ ಹೊತ್ತಿಗೆ ಬೇರೆ ಏನೋ ಮಾಡುತ್ತಿದ್ದರು ಎಂದು ಅಮ್ಮಿ ಹೇಳಿದರಂತೆ.

ಕೂಟದವರು ಮಾತ್ರ ಇವತ್ತಿಗೂ ಸಿಕ್ಕಲ್ಲೆಲ್ಲ ಕೇಳುತ್ತಾರೆ. ಮುಂದಿನ ಯುಗಾದಿಗೆ, ಸ್ವಾಗತ ಭಾಷಣದ ನಂತರ, ಮುಂದುವರಿಸೋಣ ಎಂದು ಅಧ್ಯಕ್ಷರು ಹೇಳುತ್ತಲೇ ಇದ್ದಾರೆ. ಆ ಹೊತ್ತಿಗೆ ಮೈಕು ತೆರೆದಿಟ್ಟು ತಟ್ಟುವ ಅಭ್ಯಾಸವನ್ನೂ ಮಾಡುತ್ತಿದ್ದಾರಂತೆ.

ವಿಶ್ವದ ವಕ್ರತೆಯ ಕುರಿತಾದ ನನ್ನ ಅಮೋಘ ಅಂತ್ಯ ಲ್ಯಾಪ್‌ಟಾಪಿನಲ್ಲೇ ಇದೆ. ಪ್ರತಿ ಸ್ಲೈಡಿನ ಕೆಳಗೂ ಕೆಂಪು ಅಕ್ಷರದಲ್ಲಿ ‘ಗೋಪ್ಯ: ಸಂಸ್ಥೆಯ ಹೊರಗೆ ಹಂಚುವಂತಿಲ್ಲ’ ಎಂದಿದೆ. ಇಡೀ ಯೋಜನೆಯಲ್ಲಿ ನಾನು ಸರಿಯಾಗಿ ಪಾಲಿಸಿದ್ದು ಅದೊಂದನ್ನೇ.